ಮಹಡಿ ಅಕ್ಕ ಬಿಟ್ಟ ಜಾಗ

ಹೋದ ತಿಂಗಳು ಶಿವಾಜಿನಗರದ ಗುಜರಿ ಅಂಗಡಿಗಳ ಸಾಲಿನಲ್ಲಿ ಮಿಕ್ಸಿಗೊಂದು ಹಳೆಯ ಜಾರ್ ಹುಡುಕುತ್ತಿದ್ದೆ. ಕೆಟ್ಟ ಇಸ್ತ್ರಿಪೆಟ್ಟಿಗೆಗಳ ನಡುವೆ ಕಪ್ಪು ಬಣ್ಣದ ಪೆಡಲ್ ಒಂದು ಬಿದ್ದಿತ್ತು. ಹೊಲಿಗೆ ಮೆಷಿನ್ನಿಂದು ಎಂದು ಅಂಗಡಿಯವರು ಹೇಳಿದರು. ಅಲ್ಲವೆಂದು ನನಗೆ ಗೊತ್ತಿತ್ತು. ಕಾಲಿಟ್ಟು ಒತ್ತಿದರೆ ದನಿ ಓಡುತ್ತಿತ್ತು, ಕಾಲೆತ್ತಿದರೆ ನಿಲ್ಲುತ್ತಿತ್ತು... ನಮ್ಮ ಮಹಡಿ ಅಕ್ಕನ ಹತ್ತಿರ ಅಂಥದೇ ಇತ್ತು.

ಕಗ್ಗದಾಸಪುರದಲ್ಲಿ ನಾವು ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಅಪ್ಪ ಬಾಡಿಗೆ ಮನೆಗಳನ್ನು ಕಟ್ಟಿಸಿದ್ದರು. ಮಹಡಿಯ ಕೋಣೆಗೆ ಕಲಬುರಗಿ ಕಡೆಯ ಒಂದು ಸಂಸಾರ ಬಂತು. ಗಂಡ, ಹೆಂಡತಿ ಇಬ್ಬರೂ ಗಾರೆ ಕೆಲಸಕ್ಕೆ ಹೋಗುತ್ತಿದ್ದರು. ಅವರ ಹಿರಿಯ ಮಗಳೇ ನಮ್ಮ ಮಹಡಿ ಅಕ್ಕ, ಬಿ.ಎಸ್ಸಿ. ಮಾಡಿದ್ದಳು. ಊರಿನಲ್ಲಿ ಸಿಕ್ಕಿದ್ದ ಬಿ.ಎಡ್. ಸೀಟು ಬಿಟ್ಟು, ಮೆಡಿಕಲ್ ಟ್ರಾನ್ಸ್‌ಕ್ರಿಪ್ಷನ್ ಕಲಿಯಲು ಇಲ್ಲಿಗೆ ಬಂದಿದ್ದಳು. ಎರಡು ಸಾವಿರದ ಇಸವಿಯ ಆಸುಪಾಸು. ಅಮೆರಿಕದ ಡಾಕ್ಟರುಗಳು ರೋಗಿಗಳ ಬಗ್ಗೆ ಮಾತಾಡಿ ರೆಕಾರ್ಡ್ ಮಾಡಿದ್ದನ್ನು ಇಲ್ಲಿ ಕೂತು ಕೇಳಿ ಟೈಪ್ ಮಾಡುವ ಕೆಲಸ ಅದು. ಇಂದಿರಾನಗರದಲ್ಲಿ ಎಲ್ಲಿ ನೋಡಿದರೂ ಅದನ್ನು ಕಲಿಸುವ ಬೋರ್ಡುಗಳು. ಜನಕ್ಕೆ ಕಾಯಿಲೆ ಇರುವವರೆಗೂ ಈ ಕೆಲಸ ಹೋಗುವುದಿಲ್ಲ ಎಂದು ಎಲ್ಲರೂ ನಂಬಿದ್ದರು.

ಆಗಷ್ಟೇ ಪಿಯುಸಿ ಮುಗಿಸಿದ್ದ ನನ್ನನ್ನೂ ಅದಕ್ಕೇ ಸೇರಿಸಬೇಕೆಂದು ಅಪ್ಪ ತೀರ್ಮಾನಿಸಿದರು. ಅದಕ್ಕೆ ಮೊದಲು ಮೇಲಿನ ಮನೆಯ ಹುಡುಗಿಯ ಹತ್ತಿರ ಸ್ವಲ್ಪ ಕಲಿತುಕೋ ಎಂದರು. ಅಷ್ಟರಲ್ಲಿ ಅಕ್ಕನಿಗೆ ಕೆಲಸ ಸಿಕ್ಕಿತ್ತು. ಸಂಜೆ ಅವಳು ಬಂದ ಮೇಲೆ ನಾನು ಮಹಡಿಗೆ ಹೋಗುತ್ತಿದ್ದೆ. ಮೊದಲ ದಿನ, ಅಭ್ಯಾಸಕ್ಕೆಂದು ಕೊಂಡಿದ್ದ, ಪೆಡಲ್ ಒತ್ತಿ ಓಡಿಸುವ ಹಳೆಯ ಟೇಪಿನ ಹೆಡ್‌ಫೋನನ್ನು ನನ್ನ ಕಿವಿಗಿಟ್ಟಳು. ಯಾರೋ ಏನನ್ನೋ ಅಗಿಯುತ್ತ ಅವಸರವಾಗಿ ಗೊಣಗುತ್ತಿದ್ದರು. ನನಗೆ ಒಂದು ಪದವೂ ಅರ್ಥವಾಗಲಿಲ್ಲ.

"ಕೇಳಿಸದಿದ್ದಲ್ಲಿ ಜಾಗ ಬಿಡು, ತಂಗಿ. ಊಹೆ ಮಾಡಿ ಬರಿಬ್ಯಾಡ. ಅಲ್ಲೊಂದು ಜೀವ ಅದ" ಎಂದಳು.

ಅವಳ ಪಾಲಿಗೆ ಒಬ್ಬರೇ ಡಾಕ್ಟರ ರೆಕಾರ್ಡುಗಳು ಮತ್ತೆ ಮತ್ತೆ ಬರುತ್ತಿದ್ದವು. ಅವರ ರೋಗಿಗಳಲ್ಲಿ ಉಬ್ಬಸದ ಒಬ್ಬ ಮುದುಕಿ ಇದ್ದಳು. ಒಂಟಿ, ಮನೆಯಲ್ಲೊಂದು ಬೆಕ್ಕು, ಮಗಳು ದೂರದ ಊರಲ್ಲಿ. ಇವತ್ತು ಅಜ್ಜಿ ಮೆಟ್ಟಿಲು ಹತ್ತಿದಳಂತೆ, ಇವತ್ತು ಊಟ ಬಿಟ್ಟಳಂತೆ ಎಂದು ಅಕ್ಕ ರೊಟ್ಟಿ ಮುರಿಯುತ್ತ ಹೇಳುತ್ತಿದ್ದಳು. ಯಾರೋ ನೆಂಟರ ಸುದ್ದಿ ಎಂದುಕೊಂಡು ಅವಳಮ್ಮ ಲೊಚಗುಟ್ಟುತ್ತಿದ್ದರು.

ಮಳೆಗಾಲ ಕಳೆಯುವ ಹೊತ್ತಿಗೆ ಅವಳು ಬದಲಾಗಿದ್ದಳು. ಪಾತ್ರೆ ತೊಳೆಯುವಾಗಲೂ ಬಲಗಾಲು ನೆಲ ಒತ್ತುತ್ತಿತ್ತು. ನಾವು ಮಾತಾಡುತ್ತಿರುವಾಗ ತಟ್ಟನೆ ಕಾಲೆತ್ತುತ್ತಿದ್ದಳು. ನಮ್ಮ ಮಾತು ನಿಲ್ಲದಿದ್ದರೆ ಬೆಚ್ಚಿ ನೋಡುತ್ತಿದ್ದಳು. ಖಾಲಿ ಕೋಣೆಯಲ್ಲಿ ಯಾರೋ ಕೆಮ್ಮಿದರು ಎನ್ನುತ್ತಿದ್ದಳು. ಅವಳಮ್ಮ ಮೊದಲು ಕಿವಿಗೆ ಔಷಧಿ ಬಿಟ್ಟರು, ಆಮೇಲೆ ಶಿವಾಜಿನಗರದ ದರ್ಗಾದಿಂದ ತಾಯಿತ ತಂದು ಕಟ್ಟಿದರು.

ಒಂದು ಭಾನುವಾರ ತಾರಸಿಯಲ್ಲಿ ಬಟ್ಟೆ ಹರವುತ್ತ ಅವಳೇ ಹೇಳಿದಳು. ಆ ವಾರ ಬಂದ ರೆಕಾರ್ಡಿನಲ್ಲಿ ಅಜ್ಜಿ ತೀರಿಕೊಂಡಿದ್ದಳು. ಡಾಕ್ಟರು ಎಂದಿನ ದನಿಯಲ್ಲೇ ಹೇಳಿ ಮುಗಿಸಿದ್ದರು. ಅಕ್ಕ ಎಲ್ಲವನ್ನೂ ಟೈಪ್ ಮಾಡಿ, ಸಾವಿನ ಹೊತ್ತು ಬರೆಯುವಲ್ಲಿ ಮಾತ್ರ ಜಾಗ ಬಿಟ್ಟಿದ್ದಳು. ಸೂಪರ್‌ವೈಸರ್ ಕರೆದು, ಇಷ್ಟು ಸ್ಪಷ್ಟವಾಗಿದೆಯಲ್ಲ, ಕೇಳಿಸಲಿಲ್ಲವೇ ಎಂದು ರೇಗಿ, ಎದುರೇ ಕೂರಿಸಿ ತುಂಬಿಸಿದ್ದರು.

"ಕೇಳಿಸಿತ್ತು, ತಂಗಿ. ಬೆರಳು ಏಳಲಿಲ್ಲ."

ಒದ್ದೆ ಸೀರೆಯ ಇನ್ನೊಂದು ತುದಿ ನನ್ನ ಕೈಯಲ್ಲಿತ್ತು. ಇಬ್ಬರೂ ಸೇರಿ ಹಿಂಡಿದೆವು. ಅದನ್ನು ತಂತಿಗೆ ಹಾಕುತ್ತ ಅವಳು ಅಂದಳು: "ಯಾವ ಕೆಲಸಕ್ಕ ಮುಂದ ಭವಿಷ್ಯ ಅದ ಅಂತ ಎಲ್ಲಾರೂ ಕೇಳ್ತಾರ. ಆ ಕೆಲಸದಿಂದ ಏನು ನಮ್ ಸಂಗಡ ಮನೀಗ್ ಬರ್ತದ ಅಂತ ಯಾರೂ ಕೇಳಂಗಿಲ್ಲ. ಆಕಿ ಕೈಯಾದ್ರೂ ಹಿಡದಿದ್ರ ಸಮಾಧಾನ ಆಗ್ತಿತ್ತು ನನಗ..."

ಆ ವಾರವೇ ನಾನು ಅಪ್ಪನಿಗೆ ನರ್ಸಿಂಗ್ ಸೇರುತ್ತೇನೆ ಎಂದೆ. ಅಪ್ಪ ತುಂಬ ದಿನ ಮುಖ ಕೊಟ್ಟು ಮಾತಾಡಲಿಲ್ಲ.

ಅಕ್ಕ ಮಾತ್ರ ಅದೇ ಕೆಲಸದಲ್ಲಿ ಉಳಿದಳು. ಮನೆ ನಡೆಯಬೇಕಿತ್ತಲ್ಲ. ಕೆಲವು ವರ್ಷಗಳ ನಂತರ ಒಂದು ಬೆಳಿಗ್ಗೆ ಅವಳು ಹೋದಾಗ ಕಂಪನಿಯ ಗೇಟಿಗೆ ಬೀಗ ಬಿದ್ದಿತ್ತು. ಆ ಬೇಸಿಗೆಯಲ್ಲಿ ಅವರೆಲ್ಲ ಊರಿಗೆ ಮರಳಿದರು. ಬಹಳ ಕಾಲದ ಮೇಲೆ ಅವಳ ತಮ್ಮ ತನ್ನ ಮದುವೆಗೆ ಕರೆಯಲು ಬಂದಿದ್ದ. ಅಕ್ಕ ಜ್ವರ ಬಂದು ಆಸ್ಪತ್ರೆಯಲ್ಲಿ ತೀರಿಕೊಂಡಳು ಎಂದು ಅವನಿಂದಲೇ ತಿಳಿಯಿತು. ಕೊನೆಗೆ ಹತ್ತಿರ ಯಾರಿದ್ದರು ಎಂದು ಕೇಳಿದೆ.

"ಯಾರೂ ಇದ್ದಿಲ್ರಿ. ಅವ್ವ ಚಹಾ ತರಲಿಕ್ಕ ಹೋಗಿದ್ಲು" ಎಂದ.

ನಾನು ನರ್ಸಾಗಿ ವಾರ್ಡಿಗೆ ಬಂದು ಈಗ ಇಪ್ಪತ್ತು ವರ್ಷದ ಮೇಲಾಯಿತು. ನನ್ನ ಕೈ ಹಿಡಿದು ಪ್ರಾಣ ಬಿಟ್ಟವರಲ್ಲಿ ಅನೇಕರ ದನಿ ಇನ್ನೂ ಕಿವಿಯಲ್ಲಿದೆ, ಮನೆಗೂ ಬರುತ್ತದೆ. ಅಕ್ಕ ಹೇಳಿದ ಮಾತುಗಳೂ ನೆನಪಿವೆ, ಅವಳ ಮುಖವೂ ನೆನಪಿದೆ. ಅವಳ ದನಿ ಹೇಗಿತ್ತು ಎಂಬುದು ಮಾತ್ರ... ಎಷ್ಟು ಕಿವಿಗೊಟ್ಟರೂ ಕೇಳಿಸುವುದಿಲ್ಲ.