ಕಾಲುಚೀಲದ ಉಪ್ಪು

ಸುವಾ ಬಂದರು ಪಟ್ಟಣದ ಮಾರುಕಟ್ಟೆಯ ಟ್ಯಾಕ್ಸಿ ನಿಲ್ದಾಣದಲ್ಲಿ ಇನೋಕೆಯ ಕಾರಿನಷ್ಟು ಉಪ್ಪು ತಿಂದ ಕಾರು ಇನ್ನೊಂದಿಲ್ಲ. ಮಳೆಗೆ ಗಾಜು ಮಸುಕಾದರೆ ಬಟ್ಟೆಯಲ್ಲಿ ಉಪ್ಪು ಕಟ್ಟಿ ಉಜ್ಜುವನು. ಯಾರಾದರೂ ಕುಡಿದು ವಾಂತಿ ಮಾಡಿದರೆ ಅದರ ಮೇಲೂ ಹಿಡಿ ಉಪ್ಪು. ಸೀಟಿನಡಿ ಉಪ್ಪು ತುಂಬಿದ ಎರಡು ಕಾಲುಚೀಲ, ತೇವವನ್ನೂ ಮೀನುಬುಟ್ಟಿಗಳ ನಾತವನ್ನೂ ಹೀರಲಿ ಎಂದು. "ನಿನ್ನ ಹೆಂಡ್ತಿ ಸಾರಿಗೂ ಇಷ್ಟು ಹಾಕಲ್ಲ ಕಣೋ, ಕಾರು ತುಕ್ಕು ಹಿಡಿದು ಉದುರಿಹೋಗತ್ತೆ ನೋಡು" ಎಂದು ಬೈದು ಬೈದು ನನಗೇ ಸುಸ್ತಾಗಿತ್ತು. ಮೊಂಡ, ಕೇಳಬೇಕಲ್ಲ.

ಅವತ್ತು ನನ್ನ ಟ್ಯಾಕ್ಸಿ ಗ್ಯಾರೇಜಿನಲ್ಲಿತ್ತು. ಅವನ ಪಕ್ಕ ಕೂತಿದ್ದೆ. ಹಿಂದಿನ ಸೀಟಿನಲ್ಲಿ ಮಾರುಕಟ್ಟೆಯಲ್ಲಿ ಕಾಯಿ ಮಾರುವ ಅನಸೇನಿ ಅಜ್ಜಿ, ತೊಡೆಯ ಮೇಲೆ ಮಾವಿನಕಾಯಿ ಬುಟ್ಟಿ. ಅವಳು ಹುಟ್ಟಿದ ದ್ವೀಪಕ್ಕೆ ತಿಂಗಳಿಗೊಂದೇ ಹಡಗು, ಅದನ್ನು ಹತ್ತಿಸಲು ಬಂದರಿಗೆ ಹೊರಟಿದ್ದೆವು. ಅಲ್ಲಿ ಅವಳ ತಂಗಿ ಹಾಸಿಗೆ ಹಿಡಿದಿದ್ದಳು. ಇಬ್ಬರೂ ಮಾತು ಬಿಟ್ಟು ಹನ್ನೆರಡು ವರ್ಷ.

"ಅವಳು ಸಾಯೋದ್ರೊಳಗೆ ಹೋಗ್ಬೇಕು" ಎಂದಳು ಅಜ್ಜಿ. "ಜಗಳ ಅರ್ಧಕ್ಕೆ ನಿಂತಿದೆ."

ಬಂದರಿನ ತಿರುವಿನಲ್ಲಿ ಪೊಲೀಸ್ ಪೇದೆಯೊಬ್ಬ ತಪಾಸಣೆಗೆಂದು ತಡೆದ. ಸೀಟಿನಡಿ ಕೈಹಾಕಿ ಒಂದು ಕಾಲುಚೀಲ ಎಳೆದು ಗಂಟು ಬಿಚ್ಚಿದ. ಬಿಳಿ ಪುಡಿ ಕಂಡದ್ದೇ ಅವನ ಕಣ್ಣು ಅಗಲವಾಯಿತು.

"ಏನಿದು?"

"ಉಪ್ಪು ಸಾರ್" ಎಂದ ಇನೋಕೆ.

"ಉಪ್ಪನ್ನ ಯಾವನಯ್ಯಾ ಕಾಲುಚೀಲದಲ್ಲಿ ಇಡ್ತಾನೆ? ಇಳೀರಿ ಎಲ್ಲಾ. ನಡೀರಿ ಸ್ಟೇಷನ್ನಿಗೆ."

ಅತ್ತ ಹಡಗು ಕೂಗಿತು. ಅಜ್ಜಿ ಒಂದು ಮಾವಿನಕಾಯಿ ಕಚ್ಚಿ, ಅವನ ಕೈಯಲ್ಲಿದ್ದ ಕಾಲುಚೀಲಕ್ಕೇ ಅದ್ದಿ, ಮತ್ತೆ ಕಚ್ಚಿದಳು. ಮೂರು ತಿಂಗಳಿಂದ ಮೀನಿನ ನೀರು ಕುಡಿದ ಉಪ್ಪು ಅದು.

"ಸ್ವಲ್ಪ ಖಾರ ಇದ್ದಿದ್ರೆ ಚೆನ್ನಾಗಿರ್ತಿತ್ತು" ಎಂದು ಕಾಯಿಯನ್ನು ಪೇದೆಯತ್ತ ಚಾಚಿದಳು. "ತಿಂತೀಯೇನಪ್ಪಾ? ಇಲ್ಲಾಂದ್ರೆ ದಾರಿ ಬಿಡು."

ಅವನು ಮೂಗು ಮುಚ್ಚಿಕೊಂಡು ದಾರಿ ಬಿಟ್ಟ. ಹಗ್ಗ ಬಿಚ್ಚುವ ಹೊತ್ತಿಗೆ ಅವಳನ್ನು ಹಡಗು ಹತ್ತಿಸಿದೆವು. ಇನೋಕೆಗೆ ಏನನ್ನಿಸಿತೋ, ಡಿಕ್ಕಿಯಲ್ಲಿದ್ದ ಒಡೆಯದ ಉಪ್ಪಿನ ಪೊಟ್ಟಣ ತಂದು ಅವಳ ಬುಟ್ಟಿಗೆ ತುರುಕಿದ.

ಮರುತಿಂಗಳ ಹಡಗಿನಲ್ಲಿ ವಾಪಸು ಬಂದಳು, ಕಪ್ಪು ಬಟ್ಟೆ ತೊಟ್ಟು. ನನ್ನ ಬಾಯಿ ಸುಮ್ಮನಿರಬೇಕಲ್ಲ, "ಜಗಳ ಮುಗೀತಾ ಅಜ್ಜಿ?" ಎಂದೆ.

"ಒಂಬತ್ತು ದಿನ ಆಡಿದ್ವಿ. ಅವಳೇ ಗೆಲ್ತಿದ್ಲು" ಎಂದಳು. "ನಂಗೆ ಸರಿಯಾದ ಉತ್ತರ ಹೊಳೆಯೋಷ್ಟರಲ್ಲಿ ಹೊರಟೇಹೋದ್ಲು, ಮುಂಡೇದು."

ಹಾಗೆಂದವಳು ಕಾರು ಹತ್ತಿ, ಮನೆ ಬರುವವರೆಗೂ ಅತ್ತಳು.