ಹೆಬ್ಬಟ್ಟ ಒಳಗ ಮಡಚ್ರಿ

ಮೆಣಸಗಿಯ ಬಳೆಗಾರ್ತಿ ಬದರುನ್ನಿಸಾಗೆ ಹೆಂಗಸರ ಮುಖಕ್ಕಿಂತ ಕೈ ಚೆನ್ನಾಗಿ ನೆನಪಿರುತ್ತಿತ್ತು. ರೋಣದ ಸಂತೆಯಲ್ಲಿ ನಾನು ಸಿಕ್ಕರೆ ಮೊದಲು ಮುಂಗೈ ಹಿಡಿದು, ಆಮೇಲೆ ‘ಆರಾಮ ಅದೀರೇನ್ರಿ ಅಕ್ಕೋರ’ ಎನ್ನುವಳು. ಇಪ್ಪತ್ತು ವರ್ಷ ನನಗೆ ಬಳೆ ಇಟ್ಟವಳು ಅವಳೇ. ಗೆಣ್ಣಿನ ಹತ್ತಿರ ಬಳೆ ಸಿಕ್ಕಿಕೊಂಡಾಗಲೆಲ್ಲ ಅದೇ ಮಾತು: ‘ಹೆಬ್ಬಟ್ಟ ಒಳಗ ಮಡಚ್ರಿ, ಕೈ ಸಡ್ಲ ಬಿಡ್ರಿ.’ ಅವಳ ಕೈಯಲ್ಲಿ ಬಳೆ ಒಡೆದದ್ದನ್ನು ನಾನು ಕಾಣೆ.

2009ರ ಅಕ್ಟೋಬರಿನಲ್ಲಿ ಮಲಪ್ರಭೆ ಊರೊಳಗೆ ಬಂತು. ಬೆಳಗ್ಗೆ ಎದೆಮಟ್ಟದ ನೀರಿನಲ್ಲಿ ಬದರುನ್ನಿಸಾ ಎಡಗೈಯಲ್ಲಿ ತಮ್ಮನ ಎರಡು ವರ್ಷದ ಮಗಳು ಹಸೀನಾಳನ್ನು ಎತ್ತಿಕೊಂಡು, ಬಲಗೈಯಲ್ಲಿ ಆ ಮಗುವಿನ ತಾಯಿ ಶಹನಾಜಳ ಮುಂಗೈಯನ್ನು ಬಳೆ ಸಮೇತ ಹಿಡಿದು ದಾಟುತ್ತಿದ್ದಳು. ಮಗು ಉಳಿಯಿತು, ಶಹನಾಜ ಉಳಿಯಲಿಲ್ಲ. ದಡದಲ್ಲಿ ಇವಳ ಮುಷ್ಟಿ ಬಿಡಿಸಿದಾಗ ಶಹನಾಜಳ ನಾಲ್ಕು ಬಳೆ ಸಿಕ್ಕವು.

ಗಜೇಂದ್ರಗಡಕ್ಕೆ ಹೋಗಿದ್ದ ತಮ್ಮ ಮುಜಫ್ಫರ ಬಂದು ‘ಯಾಕ ಕೈ ಬಿಟ್ಟಿ?’ ಎಂದು ಕೇಳಿದ. ಮಗಳನ್ನು ಎತ್ತಿಕೊಂಡು ಹೊರಟೇಹೋದ. ನಮ್ಮ ಸೀಮೆಯಲ್ಲಿ ಅಡ್ಡಹೆಸರು ಅಂಟಲು ಎಷ್ಟು ಹೊತ್ತು? ಸಂತ್ರಸ್ತರ ತಗಡಿನ ಶೆಡ್ಡುಗಳಲ್ಲಿ ಅವಳು ‘ಕೈ ಬಿಟ್ಟಾಕಿ’ ಆದಳು. ನನಗೆ ಸಿಟ್ಟು ಬರುತ್ತಿತ್ತು. ಅವಳಿಗೆ ಏನೂ ಬರುತ್ತಿರಲಿಲ್ಲ. ಅಳು ಇಲ್ಲ, ಹಸಿವೆ ಇಲ್ಲ, ಬಲಗೈಗೆ ಚಹಾದ ಲೋಟದ ಬಿಸಿಯೂ ತಿಳಿಯುತ್ತಿರಲಿಲ್ಲ.

ಗುರುವಾರಕ್ಕೊಮ್ಮೆ ಗದಗದಿಂದ ಆಪ್ತಸಮಾಲೋಚಕಿ ವಿದ್ಯಾಶ್ರೀ ಬರುತ್ತಿದ್ದಳು. ಆಡಿದ ಮಾತು ಬರೆದುಕೊಳ್ಳಲು ನಾನು, ನಿವೃತ್ತ ಶಿಕ್ಷಕಿ, ಜೊತೆಗೆ ಕೂಡುತ್ತಿದ್ದೆ. ಮನೆ ಕಳೆದುಕೊಂಡವರಿಗೆ ಮಾತು ಹಂಚುವುದು ಎಂಥ ಔಷಧ ಎಂದು ಗೊಣಗಿದ್ದೂ ಉಂಟು.

ವಿದ್ಯಾಶ್ರೀ ಯಾಕೆ ಬಿಟ್ಟೆ ಎಂದು ಕೇಳಲೇ ಇಲ್ಲ. ‘ನಿಮಗ ಬಂದಿದ್ದಕ್ಕ ನೀವ ಒಂದ ಹೆಸರ ಇಡ್ರಿ’ ಎಂದಳು. ಬದರುನ್ನಿಸಾ ಮರಗಟ್ಟಿದ ಬಲಗೈ ತಿಕ್ಕಿಕೊಳ್ಳುತ್ತ ‘ಜೋಮು’ ಎಂದಳು. ಅಲ್ಲಿಂದ ಮುಂದೆ ಮಾತೆಲ್ಲ ಜೋಮಿನದು, ಕರೆಯದೆ ಬಂದು ಕೂತ ನೆಂಟನ ಮೇಲೆ ಚಾಡಿ ಹೇಳಿದ ಹಾಗೆ. ಜೋಮು ಏನೇನು ಕಸಿದುಕೊಂಡಿತು? ಏನು ಹೇಳಿ ನಂಬಿಸಿತು?

‘ನೀನ ಕೊಂದಿ ಅಂತೈತ್ರಿ’ ಎಂದಳು ಬದರುನ್ನಿಸಾ, ಹೊರಗೆ ಬಿಸಿಲಿದೆ ಎನ್ನುವ ದನಿಯಲ್ಲಿ.

ಇದಕ್ಕೆ ಕಥನ ಚಿಕಿತ್ಸೆ ಎನ್ನುತ್ತಾರೆಂದು ಬಸ್ಸಿಗೆ ಕಾಯುವಾಗ ವಿದ್ಯಾಶ್ರೀ ವಿವರಿಸಿದಳು. ಮನುಷ್ಯ ಬೇರೆ, ಮನುಷ್ಯನಿಗೆ ಬಂದ ಕಷ್ಟ ಬೇರೆ. ಒಂದು ಬಾಳಿನಲ್ಲಿ ನೂರು ಕಥೆ ಇದ್ದರೂ ಒಂದೇ ದಪ್ಪಗಾಗಿ ಉಳಿದವುಗಳ ಮೇಲೆ ಕೂತುಬಿಡುತ್ತದೆ. ಅದರ ಆಟ ನಡೆಯದ ಒಂದು ಗಳಿಗೆಯನ್ನು ಹುಡುಕಿ, ಕೆದಕಿ ಕೇಳಬೇಕು. ‘ಹೊಸಾ ಕಥಿ ನಾವು ಕೊಡಂಗಿಲ್ರಿ ಅಕ್ಕೋರ, ಅವರ ಹತ್ರನ ಇರತೈತಿ.’ ನಾನು ಹೂಂಗುಟ್ಟಿದೆ, ನಂಬಲಿಲ್ಲ.

ಐದನೆಯ ಗುರುವಾರ ಅವಳು ಕೇಳಿದಳು: ‘ಜೋಮು ಒಂದ ಗಳಿಗಿನರೆ ನಿಮ್ಮನ್ನ ಬಿಟ್ಟಿದ್ದು ಐತೇನ್ರಿ?’

ಪಕ್ಕದ ಶೆಡ್ಡಿನ ಮಾಳವ್ವನಿಗೆ ಹಿಂದಿನ ದಿನ ಬದರುನ್ನಿಸಾ ಹಸಿರು ಬಳೆ ಇಟ್ಟಿದ್ದಳಂತೆ. ‘ಕೈ ಹಿಚಕಿದ ಕೂಡ್ಲೆ ಅಳತಿ ಎರಡೂ ಕಾಲು ಅಂತ ತಿಳೀತ್ರಿ. ಅವಾಗ ಜೋಮು ಇರಲಿಲ್ಲ.’

‘ಹ್ಯಾಂಗ ಇಟ್ರಿ? ಒಂದೊಂದ ಹೇಳ್ರಿ.’

‘ದಿನಾ ಮಾಡೂದ ಐತಲ್ರಿ. ಮುಂಗೈ ಹಿಡದೆ. ಹೆಬ್ಬಟ್ಟ ಒಳಗ ಮಡಚವಾ, ಕೈ ಸಡ್ಲ ಬಿಡ ಅಂದೆ. ಮಡಚಲಿಲ್ಲಂದ್ರ ಬಳಿ ಗೆಣ್ಣು ದಾಟಂಗಿಲ್ಲ, ಎಳದ್ರ ಒಡೀತಾವು...’

ಅಲ್ಲಿಗೆ ನಿಲ್ಲಿಸಿ ತನ್ನ ಬಲಗೈ ನೋಡಿಕೊಂಡಳು. ನನ್ನ ಪೆನ್ನೂ ನಿಂತಿತು.

‘ಅವತ್ತ ನೀರಾಗ ಶಹನಾಜ ಮಡಚಿದ್ಲು. ಸೆಳವು ಮೂವರನ್ನೂ ಎಳೀತಿತ್ರಿ. ನನ್ನ ಮುಷ್ಟಿ ಬಿಗೀನ ಇತ್ರಿ. ಆಕಿ ಹಸೀನಾನ್ನ ಒಮ್ಮೆ ನೋಡಿದ್ಲು, ಹೆಬ್ಬಟ್ಟ ಒಳಗ ಮಡಚಿದ್ಲು. ನಾಕೂ ಬಳಿ ನನ್ನ ಕೈಯಾಗ ಉಳದ್ವು. ಒಂದೂ ಒಡದಿಲ್ಲ.’

ಕೈ ಬಿಟ್ಟಿದ್ದರೆ ಬಳೆ ಮುಷ್ಟಿಯಲ್ಲಿ ಹೇಗೆ ಉಳಿಯುತ್ತಿದ್ದವು? ಇಡೀ ಊರಿನಲ್ಲಿ ಇದನ್ನು ಯಾರೂ ಕೇಳಿರಲಿಲ್ಲ, ಇಪ್ಪತ್ತು ವರ್ಷ ಅವಳಿಂದ ಬಳೆ ಇಡಿಸಿಕೊಂಡ ನಾನೂ ಕೇಳಿರಲಿಲ್ಲ. ನಾಚಿಕೆಯಾಯಿತು.

ಬದರುನ್ನಿಸಾಳ ಒಪ್ಪಿಗೆ ಪಡೆದು, ಮುಂದಿನ ಗುರುವಾರ ವಿದ್ಯಾಶ್ರೀ ಮುಜಫ್ಫರನನ್ನು ಕರೆಸಿದಳು. ಅವಳ ಕಟ್ಟಳೆ ಇಷ್ಟೆ: ಕೇಳುವವನು ತೀರ್ಪು ಕೊಡಬಾರದು, ಸುಮ್ಮನೆ ಸಾಕ್ಷಿಯಾಗಿ ಕೂಡಬೇಕು. ತನಗೆ ಏನು ತಟ್ಟಿತೋ ಅದನ್ನಷ್ಟೇ ಆಮೇಲೆ ಹೇಳಬೇಕು. ಬದರುನ್ನಿಸಾಳ ಮಾತುಗಳನ್ನೇ ಪತ್ರವಾಗಿ ಬರೆದಿದ್ದೆವು. ನಾನು ಓದಿದೆ. ನಾಲ್ಕು ಬಳೆ ಚಾಪೆಯ ಮೇಲಿದ್ದವು.

ಮುಜಫ್ಫರ ಅವಳತ್ತ ಕೈ ಚಾಚಿದ. ‘ಹಿಡಿ.’

ಅವಳು ಮುಂಗೈ ಹಿಡಿದಳು. ಅವನು ಎಳೆದ, ಬರಲಿಲ್ಲ. ಕಾಲು ಊರಿ ಎಳೆದ, ಬರಲಿಲ್ಲ. ಆಮೇಲೆ ಹೆಬ್ಬೆರಳನ್ನು ಒಳಗೆ ಮಡಚಿದ. ಕೈ ಜಾರಿ ಬಂತು. ಮಡಚಿದ ಕೈಯನ್ನು ಬಿಚ್ಚದೆ ಅವನು ಅದನ್ನೇ ನೋಡುತ್ತ ಕೂತ.

‘ನಾಳಿ ಹಸೀನಾನ್ನ ಕರಕೊಂಡ ಬರ್ತೀನಿ’ ಎಂದ.

ಬದರುನ್ನಿಸಾ ಆ ಕೈಯನ್ನು ಮತ್ತೆ ತನ್ನ ಬಲಗೈಗೆ ತೆಗೆದುಕೊಂಡಳು. ‘ನಿನ್ನ ಕೈ ಭಾಳ ತಣ್ಣಗೈತಿ’ ಎಂದಳು.