ನುಂಗಿದ ಕೆಮ್ಮು

ಮಗ್ಗುಲ ಮನೆಯವರು ಇವತ್ತು ವರ್ಷದ ಮಸಾಲೆ ಖಾರಕ್ಕೆ ಮೆಣಸಿನಕಾಯಿ ಹುರಿಯುತ್ತಿದ್ದಾರೆ. ಬೇಸಿಗೆ ಬಂತೆಂದರೆ ಕೊಪ್ಪಳದ ನಮ್ಮ ಓಣಿಗೆ ಇದೊಂದು ದಿನ ತಪ್ಪಿದ್ದಲ್ಲ. ಘಾಟು ಕಿಟಕಿ ಹಾಯ್ದು ಬಂದದ್ದೇ ತಡ, ಓಣಿಗೆ ಓಣಿಯೇ ಕೆಮ್ಮತೊಡಗುತ್ತದೆ. ಎದುರು ಮನೆಯ ನಿವೃತ್ತ ಪೋಸ್ಟ್‌ಮಾಸ್ತರರು ಕೆಮ್ಮುತ್ತಾರೆ, ಹಾಲಿನವನು ಕೆಮ್ಮುತ್ತಾನೆ, ಹುರಿಯುತ್ತಿರುವ ಅಕ್ಕನೇ ಬಾಯಿಗೆ ಸೆರಗಿಟ್ಟುಕೊಂಡು ಹೊರಗೆ ಓಡಿಬರುತ್ತಾಳೆ. ಎಲ್ಲರೂ ಬೈದುಕೊಳ್ಳುತ್ತಾರೆ. ನನಗೆ ಮಾತ್ರ ಒಳಗೊಳಗೇ ಖುಷಿ. ನಿಮಗಿದು ವಿಚಿತ್ರ ಅನ್ನಿಸಬಹುದು. ಆದರೆ ವರ್ಷವಿಡೀ ಒಬ್ಬಳೇ ಕೆಮ್ಮುವವಳಿಗೆ ಜೊತೆ ಸಿಗುವುದು ಈ ಒಂದು ದಿನ ಮಾತ್ರ.

ಕೆಮ್ಮು ಎಂದೆನಲ್ಲ, ಅದು ಪೂರ್ತಿ ಕೆಮ್ಮೂ ಅಲ್ಲ. ಗಂಟಲಿನ ತಳದಲ್ಲಿ ಗಂಜಿಯಂಥ ಅಂಟು ಸದಾ ಕೂತಿರುತ್ತದೆ. ಮೇಲೂ ಬಾರದು, ಕೆಳಗೂ ಇಳಿಯದು. ಕ್ಯಾಕರಿಸಿದರೆ ಎರಡು ನಿಮಿಷ ಸಲೀಸು, ಮೂರನೆಯ ನಿಮಿಷಕ್ಕೆ ಮತ್ತೆ ಹಾಜರು. ಶುರುವಾಗಿ ಏಳು ವರ್ಷವಾಯಿತು. ಮೊದಲು ಶೀತ ಎಂದರು, ಆಮೇಲೆ ಧೂಳಿನ ಅಲರ್ಜಿ ಎಂದರು. ಎದೆಯ ಎಕ್ಸ್‌ರೇ ಆಯಿತು, ಕಫ ಪರೀಕ್ಷೆಯಾಯಿತು. ಯಾರೋ ಹೇಳಿದರೆಂದು ಕರಿಮೆಣಸು, ಶುಂಠಿ ಕುದಿಸಿದ ಕಷಾಯವನ್ನು ಎರಡು ತಿಂಗಳು ಭಕ್ತಿಯಿಂದ ಕುಡಿದೆ. ಉರಿಯುವುದಕ್ಕೆ ಎಣ್ಣೆ ಸುರಿಯುತ್ತಿದ್ದೇನೆಂದು ಗೊತ್ತಾದದ್ದು ಎಷ್ಟೋ ದಿನದ ಮೇಲೆ. ನನ್ನ ಗಂಡ ಗಂಗಾವತಿಯ ಅಕ್ಕಿ ಗಿರಣಿಯೊಂದರಲ್ಲಿ ಗುಮಾಸ್ತರು. ವಾರವೆಲ್ಲ ಅಲ್ಲೇ ಇದ್ದು ಭಾನುವಾರ ಮನೆಗೆ ಬರುತ್ತಾರೆ. ಬಂದಾಗ ಕಾಗದಗಳನ್ನೆಲ್ಲ ಓದಿ, “ಎಲ್ಲಾ ನಾರ್ಮಲ್ ಅದಾವು, ಇನ್ನೇನು ಬೇಕು ನಿನಗ?” ಎನ್ನುತ್ತಿದ್ದರು. ಅವರು ಕೆಟ್ಟವರಲ್ಲ. ಆದರೆ ಆ ಕಾಗದಗಳ ಮುಂದೆ ನನ್ನ ಗಂಟಲು ಸುಳ್ಳುಗಾರ್ತಿಯಾಗಿ ನಿಂತಿರುತ್ತಿತ್ತು.

ಕಡೆಗೆ ಕಿವಿ-ಗಂಟಲಿನ ಡಾಕ್ಟರೊಬ್ಬರು ಮೂಗಿನಿಂದ ಸಣ್ಣ ನಳಿಕೆ ಇಳಿಸಿ ನೋಡಿದರು. ಹೊಟ್ಟೆಯ ಹುಳಿ ಮೇಲೇರಿ ಗಂಟಲನ್ನು ಸುಡುತ್ತಿದೆ, ಅದನ್ನು ಮುಚ್ಚಿಕೊಳ್ಳಲು ಗಂಟಲು ಕಫ ಹುಟ್ಟಿಸುತ್ತಿದೆ ಎಂದು ಬಿಡಿಸಿ ಹೇಳಿದರು. ಎದೆಯುರಿ ಇಲ್ಲ, ಹುಳಿತೇಗಿಲ್ಲ, ಹಾಗಾಗಿ ಯಾರಿಗೂ ತಿಳಿಯುವುದಿಲ್ಲವಂತೆ. ಸೈಲೆಂಟ್ ರಿಫ್ಲಕ್ಸ್ ಅದರ ಹೆಸರು. ದಿನವಿಡೀ ಇಷ್ಟು ಸದ್ದು ಮಾಡಿಸುವ ರೋಗಕ್ಕೆ ಈ ಹೆಸರಿಟ್ಟ ಪುಣ್ಯಾತ್ಮನನ್ನು ಒಮ್ಮೆ ನೋಡಬೇಕೆಂದು ನನಗೆ ಆಸೆಯಿದೆ.

ನಾನು ಇರಕಲ್ಲಗಡದ ಶಾಲೆಯಲ್ಲಿ ಪಾಠ ಹೇಳುತ್ತೇನೆ. ಅಲ್ಲಿ ಈ ಗಂಟಲಿನಿಂದ ಲಾಭವೂ ಆಗಿದೆ. ನಾನು ಒಮ್ಮೆ ಕ್ಯಾಕರಿಸಿದರೆ ನಾಲ್ಕನೆಯ ತರಗತಿ ಗಪ್ಪಾಗುತ್ತದೆ. ಟೀಚರು ಬೈಯುವ ಮುನ್ನ ಗಂಟಲು ಸರಿಮಾಡಿಕೊಳ್ಳುತ್ತಿದ್ದಾರೆಂದು ಮಕ್ಕಳ ಲೆಕ್ಕ. ಶಾಲೆ ನೋಡಲು ಬಂದಿದ್ದ ಅಧಿಕಾರಿಗಳು ನನ್ನ ತರಗತಿಯ ಶಿಸ್ತನ್ನು ಹೊಗಳಿ ಬರೆದು ಹೋಗಿದ್ದಾರೆ. ಅದು ಶಿಸ್ತಲ್ಲ, ಹೊಟ್ಟೆಯ ಹುಳಿ ಎಂದು ನಾನು ಹೇಳಲಿಲ್ಲ. ಬಸ್ಸಿನಲ್ಲಿ ಮಾತ್ರ ಕಥೆ ಬೇರೆ. ಕೊರೋನಾದ ನಂತರ ಜನಕ್ಕೆ ಕೆಮ್ಮು ಎಂದರೆ ಕಳ್ಳನ ಹೆಜ್ಜೆ ಸಪ್ಪಳವಿದ್ದಂತೆ. ಮಗ್ಗುಲಲ್ಲಿ ಕೂತವರು ಮುಂದಿನ ನಿಲ್ದಾಣದಲ್ಲಿ ಎದ್ದು ಬೇರೆ ಸೀಟು ಹುಡುಕುತ್ತಾರೆ. ಸೀಟು ಸಿಗದಿದ್ದರೆ ನಿಂತೇ ಬರುತ್ತಾರೆ.

ಇನ್ನು ಊಟ. ಖಾರ, ಹುಳಿ, ಕರಿದದ್ದು, ಚಹಾ ಇವಿಷ್ಟನ್ನು ಬಿಡಿ ಎಂದರು ಡಾಕ್ಟರು. ನಮ್ಮ ಕಡೆ ಇವಿಷ್ಟನ್ನೂ ಬಿಟ್ಟರೆ ಉಳಿಯುವುದು ರೊಟ್ಟಿ ಮತ್ತು ನೀರು. ಮಂಡಕ್ಕಿ ಒಗ್ಗರಣಿ, ಮಿರ್ಚಿ ಭಜಿ ಬೇಡ ಎಂದರೆ ನಮ್ಮ ಜನ ಮುಖ ನೋಡುತ್ತಾರೆ. ಚಹಾ ಬೇಡ ಎಂದರೆ ಏನಾದರೂ ಸಿಟ್ಟಾಗಿದೆಯೇ ಎಂದು ಕೇಳುತ್ತಾರೆ. ಯಲಬುರ್ಗಾದಲ್ಲಿ ನನ್ನ ಅಕ್ಕನ ಮನೆಯ ಸೀಮಂತಕ್ಕೆ ನಾನು ನನ್ನ ಸಪ್ಪೆ ಬುತ್ತಿ ಕಟ್ಟಿಕೊಂಡು ಹೋಗಿದ್ದೆ. ಪಂಕ್ತಿಯಲ್ಲಿ ಡಬ್ಬಿ ಬಿಚ್ಚಿದ್ದನ್ನು ನೋಡಿ ಅಕ್ಕ ಆರು ತಿಂಗಳು ಫೋನು ಮಾಡಲಿಲ್ಲ. ಆಮೇಲಾಮೇಲೆ ಕರೆದಲ್ಲಿಗೆ ಹೋಗುವುದನ್ನೇ ಬಿಟ್ಟೆ. ಮಲಗುವುದಕ್ಕೆ ಮೂರು ತಾಸು ಮೊದಲೇ ಉಣ್ಣಬೇಕೆಂದು, ಮಕ್ಕಳು ಇನ್ನೂ ಬೀದಿಯಲ್ಲಿ ಆಡುತ್ತಿರುವ ಆರೂವರೆಗೇ ಒಬ್ಬಳೇ ತಾಟು ಹಾಕಿಕೊಂಡು ಕೂಡುತ್ತೇನೆ. ರೋಗಕ್ಕಿಂತ ಈ ಆರೂವರೆಯ ಊಟ ಹೆಚ್ಚು ಕಾಡಿದೆ. ಒಬ್ಬರೇ ಉಣ್ಣುವವರಿಗೆ ರೊಟ್ಟಿ ಮುರಿಯುವ ಸದ್ದೂ ಕೇಳುತ್ತದೆ, ನೋಡಿ.

ಆದರೆ ನಾನು ಹೇಳಬೇಕೆಂದದ್ದು ನನ್ನ ಅತ್ತೆಯ ವಿಷಯ. ಅದಕ್ಕೆ ಮೊದಲು ಮಾವನ ಗಂಟಲಿನ ಬಗ್ಗೆ ಎರಡು ಮಾತು.

ಮಾವ ಕುಕನೂರಿನಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದರು. ಸಂಜೆ ಅಂಗಡಿ ಮುಚ್ಚಿ ಬಂದವರು ತಲಬಾಗಿಲಲ್ಲಿ ನಿಂತು ಒಮ್ಮೆ ಕ್ಯಾಕರಿಸಿಯೇ ಒಳಗೆ ಕಾಲಿಡುತ್ತಿದ್ದರು. ಹಿರಿಯ ಗಂಡಸರು ಸದ್ದಿಲ್ಲದೆ ಮನೆ ಹೊಕ್ಕರೆ ಹೆಂಗಸರಿಗೆ ಮುಜುಗರವಾದೀತು ಎಂಬುದು ಆ ಕಾಲದ ಮರ್ಯಾದೆ. ಆ ಸದ್ದಿಗೆ ಒಳಗೆ ಎಲ್ಲ ಬದಲಾಗುತ್ತಿತ್ತು. ರೇಡಿಯೋ ಸಣ್ಣದಾಗುವುದು, ಕಾಲು ಚಾಚಿ ಕೂತವರು ಮಡಚಿಕೊಳ್ಳುವರು, ಅತ್ತೆಯ ಕೈ ಸೆರಗು ಹಿಡಿದು ತಲೆಗೇರುವುದು. ಹೊಸ ಸೊಸೆಯಾಗಿ ಬಂದ ನಾನು ಮಾವನ ಕ್ಯಾಕರಿಕೆಯಲ್ಲಿ ಬಂದೆ ಎನ್ನುವುದು, ನೀರು ಕೊಡಿ ಎನ್ನುವುದು, ನಿಮ್ಮ ಮಾತು ಸಾಕು ಎನ್ನುವುದು ಎಂದು ಮೂರು ಬಗೆ ಕಲಿತೆ. ಮೂರನೆಯದನ್ನು ಎಲ್ಲಕ್ಕಿಂತ ಬೇಗ ಕಲಿತೆ.

ಮಾವ ತೀರಿಕೊಂಡ ಮೇಲೆ ಅತ್ತೆ ನಮ್ಮೊಂದಿಗೆ ಕೊಪ್ಪಳಕ್ಕೆ ಬಂದರು. ಸಕ್ಕರೆ ಕಾಯಿಲೆ ಅವರ ಕಣ್ಣಿನ ನರವನ್ನು ತಿಂದುಹಾಕಿತ್ತು. ಬೆಳಕು, ನೆರಳು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಮಗಳು ಧಾರವಾಡದ ಹಾಸ್ಟೆಲ್ಲಿನಲ್ಲಿ, ಗಂಡ ಗಂಗಾವತಿಯಲ್ಲಿ. ಮನೆಯಲ್ಲಿ ನಾವಿಬ್ಬರೇ. ಅವರು ಪಡಸಾಲೆಯ ಮಂಚದ ಮೇಲೆ ಕೂತು ಮೆಂತ್ಯದ ಎಲೆ ಬಿಡಿಸುತ್ತಿದ್ದರು, ನಾನು ಅಡುಗೆಮನೆಯಲ್ಲಿ ಕ್ಯಾಕರಿಸುತ್ತಿದ್ದೆ.

ಒಂದು ಬೆಳಿಗ್ಗೆ ಕಂಡೆ. ನಾನು ಕ್ಯಾಕರಿಸಿದ ಕೂಡಲೇ ಅತ್ತೆಯ ಕೈ ಎದ್ದು ಸೆರಗನ್ನು ತಲೆಯ ಮೇಲೆ ಎಳೆದುಕೊಂಡಿತು. ಮರುದಿನವೂ ಹಾಗೆಯೇ. ಮೊದಲು ನಗು ಬಂತು. ಆಮೇಲೆ ಮುದುಕಿಗೆ ಅರಳುಮರಳು, ಮಾವ ಬಂದರೆಂದು ತಿಳಿಯುತ್ತಿದ್ದಾರೆ ಅಂದುಕೊಂಡೆ. ಜೊತೆಗೆ ಒಂದು ಸಣ್ಣ ನೋವೂ ಆಯಿತು. ನನ್ನ ಗಂಟಲಿಗೆ ಕಿವಿಗೊಡುವ ಜೀವ ಇಡೀ ಲೋಕದಲ್ಲಿ ಅವರೊಬ್ಬರೇ. ಅವರು ಕೂಡ ಕೇಳಿಸಿಕೊಳ್ಳುತ್ತಿರುವುದು ನನ್ನನ್ನಲ್ಲ. ಒಂದು ಮಾತು ಕೇಳಿದ್ದರೆ ಮುಗಿದುಹೋಗುತ್ತಿತ್ತು. ಕೇಳಲಿಲ್ಲ. ಬದಲಿಗೆ ನನ್ನ ಬುದ್ಧಿಗೆ ಹೊಳೆದ ಉಪಕಾರವನ್ನು ಮಾಡಿದೆ. ಕೆಮ್ಮನ್ನು ನುಂಗತೊಡಗಿದೆ. ಬಿಸಿನೀರು ಗುಟುಕರಿಸಿ ಅದುಮಿದೆ. ತಡೆಯಲಾರದಾದಾಗ ಹಿತ್ತಲಿಗೆ ಹೋಗಿ ನಳ ಬಿಟ್ಟು, ನೀರಿನ ಸದ್ದಿನಲ್ಲಿ ಕ್ಯಾಕರಿಸಿ ಬಂದೆ. ನನ್ನದೇ ಮನೆಯಲ್ಲಿ ಕದ್ದು ಕೆಮ್ಮುವುದನ್ನು ಕಲಿತೆ, ಅದರಲ್ಲಿ ಪಳಗಿಯೂ ಬಿಟ್ಟೆ.

ಅದಾದ ಮೇಲೆ ಅತ್ತೆ ಕೂಗಲು ಶುರುಮಾಡಿದರು. ನಾನು ಆರು ಹೆಜ್ಜೆ ದೂರದಲ್ಲಿ ಅಕ್ಕಿ ಆರಿಸುತ್ತಿದ್ದರೂ, ಒಳಗೆ ಯಾರಿದ್ದೀರಿ, ಯಾರೂ ಇಲ್ಲವೇ ಎಂದು ಕೇಳುವರು. ಇಲ್ಲೇ ಇದ್ದೇನೆ ಎನ್ನುವೆ. ಹತ್ತು ನಿಮಿಷಕ್ಕೆ ಮತ್ತೆ ಕೂಗು. ಒಂದು ಸಂಜೆ ನಾನು ಹಿತ್ತಲಲ್ಲಿದ್ದಾಗ ಗೋಡೆ ಹಿಡಿದುಕೊಂಡು ಬೀದಿಯವರೆಗೆ ಹೋಗಿ, ನಮ್ಮ ಸೊಸೆ ಎಲ್ಲಿ ಹೋದಳು, ಕಂಡಿರಾ ಎಂದು ಹೋಗಿಬರುವವರನ್ನು ಕೇಳುತ್ತ ನಿಂತಿದ್ದರು. ನಾನು ಶಾಲೆಯಿಂದ ಬಂದು ಎರಡು ತಾಸಾಗಿತ್ತು. ಅವರ ಕೈಗೆ ನಾನೇ ಹಾಲಿನ ಲೋಟ ಕೊಟ್ಟಿದ್ದೆ.

ಗಂಡನಿಗೆ ಹೇಳಿದೆ. ಸೆರಗಿನ ವಿಷಯವನ್ನೂ ಹೇಳಿದೆ. ಅವರು ಕುಷ್ಟಗಿಯಲ್ಲಿರುವ ತಮ್ಮ ಅಣ್ಣನಿಗೆ ಹೇಳಿದರು. ಮುಂದಿನ ಭಾನುವಾರವೇ ಅತ್ತೆಯನ್ನು ಕರೆದೊಯ್ಯಲು ಭಾವ ಕಾರು ತಂದರು. ಅವರದು ತುಂಬಿದ ಮನೆ. ಅಲ್ಲಿ ಹಗಲು ನೋಡಿಕೊಳ್ಳುವವರಿದ್ದಾರೆ, ಇಲ್ಲಿ ನಾನು ಶಾಲೆಗೆ ಹೋದರೆ ಅತ್ತೆ ಒಬ್ಬರೇ. ಅಣ್ಣ ತಮ್ಮ ಇಬ್ಬರೂ ಅತ್ತೆಯ ಮಂಚದ ಮೇಲೇ ಕೂತು, ಅವ್ವನ ತಲೆ ನೆಟ್ಟಗಿಲ್ಲ, ಯಾವಾಗ ಏನು ಮಾಡುತ್ತಾಳೋ ಹೇಳಲಾಗದು ಎಂದೆಲ್ಲ ಮಾತಾಡಿದರು. ಅತ್ತೆ ನಡುವೆ ಕೂತು ಕೇಳುತ್ತಿದ್ದರು.

ಒಳಕೋಣೆಯಲ್ಲಿ ಅವರ ಸೀರೆ ಮಡಚಿಡುವಾಗ, ಇನ್ನೇನು ಹೊರಟೇಬಿಟ್ಟರಲ್ಲ ಎಂದು, ಅದುವರೆಗೆ ಕೇಳದ್ದನ್ನು ಕೇಳಿದೆ. ನಾನು ಕೆಮ್ಮಿದರೆ ಮಾವ ಬಂದರೆಂದು ತಿಳಿಯುತ್ತಿದ್ದಿರೇನು ಎಂದೆ. ಅತ್ತೆ ನಕ್ಕರು.

“ನಿನ್ನ ಕೆಮ್ಮಿಗೂ ಅವರ ಕೆಮ್ಮಿಗೂ ನನಗ ಫರಕ್ ಗೊತ್ತಾಗಂಗಿಲ್ಲೇನವಾ? ಕಣ್ಣು ಹೋಗ್ಯಾವು, ಕಿವಿ ಹೋಗಿಲ್ಲ. ಕೈ ಅಷ್ಟ ಏಳತಿತ್ತು. ಐವತ್ತು ವರ್ಷದ ಚಾಳಿ ಅದು, ಕೈಗೇನು ತಿಳೀತೈತಿ.”

ನಾನು ಮಡಚಿಟ್ಟ ಸೀರೆಯ ಅಂಚನ್ನು ತಡವಿ ಸರಿಮಾಡುತ್ತ ಅತ್ತೆಯೇ ಮುಂದುವರಿಸಿದರು.

“ನೀ ಕೆಮ್ಮಿದ್ರ ಈಗ ಅಡಗಿಮನ್ಯಾಗ ಅದಿ, ಈಗ ಹಿತ್ತಲದಾಗ ಅದಿ ಅಂತ ನನಗ ತಿಳೀತಿತ್ತು. ಈಗೀಗ ಕೆಮ್ಮೂದು ಬಿಟ್ಟಿ. ನೀ ಇದ್ರೂ ಮನಿ ಖಾಲಿ ಖಾಲಿ ಅನಸ್ತೈತಿ. ಅದಕ್ಕ ಕೂಗತಿದ್ದೆ.”

ಆಗಲೇ ಹೊರಗೆ ಹೋಗಿ ಹೇಳಬೇಕಿತ್ತು. ಹೋದೆ ಕೂಡ. ಭಾವನೆದುರು ನಿಂತು ಮಾತಾಡುವ ರೂಢಿ ನಮ್ಮ ಮನೆಯಲ್ಲಿಲ್ಲ. ಬಾಗಿಲ ಮರೆಯಲ್ಲಿ ನಿಂತೆ. ಗಂಟಲಿಗೆ ಎಲ್ಲವೂ ಒಮ್ಮೆಲೇ ಬಂದು ಕೂತಿತು. ಎರಡು ಸಲ ಕ್ಯಾಕರಿಸಿದೆ. ಭಾವ ಮೆಲ್ಲಗೆ, ಮೊದಲು ನೀರು ಕುಡಿ ಎಂದರು. ಅವಳಿಗೆ ಇದು ಯಾವಾಗಲೂ ಇದ್ದದ್ದೇ ಎಂದು ನನ್ನ ಗಂಡ ಎದ್ದರು. ಗಂಟಲನ್ನು ದೂರಿ ನಾನು ತಪ್ಪಿಸಿಕೊಳ್ಳಲಾರೆ. ಅದು ಸರಿಯಾಗಲು ಎರಡು ನಿಮಿಷ ಸಾಕಿತ್ತು. ಸರಿಯಾಯಿತು ಕೂಡ. ಆಗಲೂ ಬಾಯಿ ಬಿಡಲಿಲ್ಲ. ಹಿತ್ತಲಿಗೆ ಓಡುವುದು ತಪ್ಪಿತು, ಇನ್ನು ಮನೆಯಲ್ಲಿ ಎಲ್ಲಿ ಬೇಕಾದರೂ ಕೆಮ್ಮಬಹುದು ಎಂಬ ಸಮಾಧಾನ ಮನಸ್ಸಿನ ಯಾವುದೋ ಮೂಲೆಯಲ್ಲಿ ಇತ್ತೆಂದು ಕಾಣುತ್ತದೆ. ಈ ಮಾತನ್ನು ನಿಮಗೆ ಹೇಳುವಷ್ಟು ಸಲೀಸಾಗಿ ಮನೆಯವರಿಗೆ ಹೇಳಲಾಗಿರಲಿಲ್ಲ.

ಎರಡು ವಾರ ಬಿಟ್ಟು ಕುಷ್ಟಗಿಗೆ ಹೋದೆ. ಭಾವನ ಮನೆಯ ಬಾಗಿಲು ಮುಚ್ಚಿತ್ತು. ಬೆಲ್ಲಿನ ಮೇಲೆ ಇಟ್ಟ ಬೆರಳನ್ನು ಹಿಂತೆಗೆದೆ; ಮೆಟ್ಟಿಲ ಮೇಲೆ ನಿಂತು, ಗಂಡಸರ ಹಾಗೆ, ಗಂಟಲು ತುಂಬ ಕ್ಯಾಕರಿಸಿದೆ. ಒಳಗಿನಿಂದ ಅತ್ತೆಯ ದನಿ ಕೇಳಿತು. “ಕೊಪ್ಪಳದ ಸೊಸಿ ಬಂದ್ಲು, ಬಾಗಲಾ ತಗೀರಿ.” ಬಾಗಿಲು ತೆಗೆದ ನೆಗೆಣ್ಣಿ, ಭಾವನ ಹೆಂಡತಿ, ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಅಂದೂ ಅತ್ತೆಯನ್ನು ಕರೆತರುವ ಮಾತೆತ್ತಲಿಲ್ಲ. ಅಲ್ಲಿ ಅವರಿಗೆ ಹೊತ್ತಿಗೆ ಸರಿಯಾಗಿ ಇನ್ಸುಲಿನ್ ಆಗುತ್ತಿತ್ತು, ಮೊಮ್ಮಕ್ಕಳು ಕೈ ಹಿಡಿದು ನಡೆಸುತ್ತಿದ್ದರು. ತಿಂಗಳಿಗೆ ಎರಡು ಭಾನುವಾರ ಹೋಗುತ್ತಿದ್ದೆ. ಮರುವರ್ಷದ ಶ್ರಾವಣದಲ್ಲಿ ಅತ್ತೆ ಅಲ್ಲಿಯೇ ತೀರಿಕೊಂಡರು. ಮಣ್ಣಿಗೆ ಬಂದವರಿಗೆಲ್ಲ ಅಣ್ಣ ತಮ್ಮ ಒಂದೇ ಮಾತು ಹೇಳುತ್ತಿದ್ದರು. ಕೊನೆಕೊನೆಗೆ ಅವ್ವನಿಗೆ ಏನೂ ತಿಳಿಯುತ್ತಿರಲಿಲ್ಲ, ಅದೇ ಒಂದು ಪುಣ್ಯ. ನಾನು ಪಕ್ಕದಲ್ಲೇ ಕೂತು ಕೇಳಿಸಿಕೊಂಡೆ. ಮೂರು ವರ್ಷದಿಂದ ಕೇಳಿಸಿಕೊಳ್ಳುತ್ತಲೇ ಇದ್ದೇನೆ.

ಇಷ್ಟು ಬರೆಯುವ ಹೊತ್ತಿಗೆ ಘಾಟು ಇಳಿದು ಓಣಿ ಸುಮ್ಮನಾಗಿದೆ. ನನ್ನ ಊಟವೂ ಆಯಿತು. ಏಳಕ್ಕೆ ಗಂಗಾವತಿಯಿಂದ ಫೋನು ಬಂತು. ಊಟ ಆಯಿತೇ, ಗುಳಿಗೆ ತಗೊಂಡೆಯಾ ಎಂದು ಕೇಳಿ, ಶ್ರಾವಣದಲ್ಲಿ ಬರುವ ಅವ್ವನ ತಿಥಿಗೆ ಕುಷ್ಟಗಿಗೆ ಹೋಗುವ ಮಾತೆತ್ತಿದರು. ಪಾಪ, ಕೊನೆಗೆ ಅವಳಿಗೆ ಏನೂ ತಿಳಿಯದಂತಾಗಿತ್ತು ಎಂದು ಎಂದಿನಂತೆ ಸೇರಿಸಿದರು. ದಿನವಿಡೀ ಅದುಮದೆ ಕೆಮ್ಮಿದ್ದಕ್ಕೋ ಏನೋ, ಇವತ್ತು ನುಂಗಲಾಗಲಿಲ್ಲ. ಎಲ್ಲ ಹೇಳಿದೆ. ಕೈಯ ಚಾಳಿ, ಹಿತ್ತಲಿನ ನಳ, ಖಾಲಿ ಮನೆ, ಬಾಗಿಲ ಮರೆಯಲ್ಲಿ ನಿಂತೂ ಬಾಯಿ ಬಿಡದ ನಾನು, ಒಂದನ್ನೂ ಬಿಡಲಿಲ್ಲ.

ಆ ಕಡೆಯ ಗಿರಣಿಯ ಸದ್ದಿನ ನಡುವೆ ಅವರು, “ಹಂಗಾರ ಅವತ್ತು ನಾನೂ ಅಣ್ಣಾನೂ ಆಕಿ ಮುಂದ ಕುಂತು ಮಾತಾಡಿದ್ದು?” ಎಂದರು.

“ಎಲ್ಲಾ ತಿಳದಿತ್ರಿ ಅವರಿಗೆ.”

ಅವರು ಮತ್ತೆ ಮಾತಾಡಲಿಲ್ಲ. ಫೋನೂ ಇಡಲಿಲ್ಲ. ಬೈದರೆ ಬೈಯಲಿ ಎಂದು ನಾನೂ ಹಾಗೇ ಹಿಡಿದುಕೊಂಡು ಕೂತೆ. ಎಷ್ಟೋ ಹೊತ್ತಿನ ನಂತರ, ಕತ್ತಲಲ್ಲಿ ತಡಕಾಡುವವರ ದನಿಯಲ್ಲಿ, “ಅದಿಯೇನು?” ಎಂದು ಕೇಳಿದರು. ಉತ್ತರ ಕೊಡಲು ಬಾಯಿ ತೆರೆದೆ. ಕ್ಯಾಕರಿಸಿದೆ.

“ಹೂಂ,” ಎಂದರು. “ಅದಿ.”